ರುಚಿ ನೋಡುವ ಕೆಲಸ

ನವನಗರ, ಹುಬ್ಬಳ್ಳಿ
14 ಸೆಪ್ಟೆಂಬರ್ 2008, ರವಿವಾರ

ಪ್ರೀತಿಯ ರತ್ನಕ್ಕನಿಗೆ,

ನಿನ್ನ ಸುಕನ್ಯಾಳ ನಮಸ್ಕಾರ. ನಾವೆಲ್ಲ ಕ್ಷೇಮ ಎಂದು ಬರೆಯಲು ಹೋಗಿ ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡು ಕುಳಿತೆ. ಕ್ಷೇಮವಾಗಿಯೇ ಇದ್ದೇವೆ. ಇವರು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆ, ಮೋಟರ್ ವೈಂಡಿಂಗ್ ಅಂಗಡಿಯ ಶಟರ್ ದಿನಾ ಎತ್ತುತ್ತಾರೆ, ಕಣ್ಣಿನ ಹಳದಿ ಪೂರ್ತಿ ಹೋಗಿದೆ. 

ಪಂಚಮಿಗೆ ಫೋನ್ ಮಾಡಿದಾಗ ನೀನು ಕೇಳಿದೆ, "ಇನ್ನೂ ಅದ ಬಿಯರ್ ಫ್ಯಾಕ್ಟರಿಗೆ ಹೋಗಾಕತ್ತೀಯೇನ?" ಎಂದು. ನಾನು ಹೌದು ಎಂದೆ. "ಕುಡದು ಸಾಯಾಕ ಹೋಗಿದ್ದಾವನ ಮನ್ಯಾಗ ಕುಡ್ಯೂದನ್ನ ಉದ್ಯೋಗ ಮಾಡ್ಕೊಂಡೀಯಲ್ಲ, ನಿನಗ ಏನರ ತಿಳೀತದೋ ಇಲ್ಲೋ" ಎಂದು ಹೇಳಿ ನೀನು ಫೋನ್ ಇಟ್ಟುಬಿಟ್ಟೆ. ನಿನಗೆ ಸಿಟ್ಟು ಬರುವ ಹಕ್ಕಿದೆ. ಆಸ್ಪತ್ರೆಯಲ್ಲಿ ಇವರ ಹಾಸಿಗೆಯ ಪಕ್ಕ ನನಗಿಂತ ಹೆಚ್ಚು ಕುಳಿತವಳು ನೀನು. ಆವತ್ತು ತಿರುಗಿ ಫೋನ್ ಮಾಡಿ ಹೇಳುವಂತಿರಲಿಲ್ಲ. ನಮ್ಮದು ಎರಡು ಖೋಲಿಯ ಮನೆ, ಇವರು ಅಲ್ಲೇ ಟಿವಿ ಮುಂದೆ ಇದ್ದರು. ಅದಕ್ಕೇ ಈಗ ಕಾಗದ ಬರೆಯುತ್ತಿದ್ದೇನೆ. ಉತ್ತರ ನನಗೆ ಗೊತ್ತಿದೆ ಎಂದಲ್ಲ. ನಡೆದದ್ದನ್ನು ಬರೆಯುತ್ತೇನೆ, ನೀನೇ ನೋಡು.

ನಾನು ಅಲ್ಲಿ ಏನು ಮಾಡುತ್ತೇನೆ ಎಂದು ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಲಿನ ಡೇರಿಯ ಪ್ರಯೋಗಾಲಯದಲ್ಲಿ ಕ್ಯಾನಿನ ಮುಚ್ಚಳ ತೆಗೆದು ಮೂಸಿ, ಈ ಹಾಲು ತಾಸಿನೊಳಗೆ ಒಡೆಯುತ್ತದೆ ಎಂದು ಹೇಳುತ್ತಿದ್ದೆನಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಗೋಕುಲ ರಸ್ತೆಯ ಹಿಂದೆ, ಶೆಡ್ಡುಗಳ ಸಾಲಿನಲ್ಲಿ ಇದೂ ಒಂದು ಸಣ್ಣ ಶೆಡ್ಡು. ಯಜಮಾನರು ವಿನೋದ ಎಂದು, ಧಾರವಾಡದವರೇ, ನಮ್ಮ ವಯಸ್ಸಿನವರು. ದೊಡ್ಡ ಕಂಪನಿಗಳ ಹಾಗೆ ಒಂದೇ ಥರದ ಬಿಯರನ್ನು ಸಾವಿರಗಟ್ಟಲೆ ಮಾಡುವುದು ಅವರಿಗೆ ಬೇಡ. ಸಣ್ಣ ಸಣ್ಣ ಹಂಡೆಗಳಲ್ಲಿ ಬೇರೆ ಬೇರೆ ಜಾತಿಯದನ್ನು ಮಾಡಿ ಗೋವಾದ ಹೋಟೆಲುಗಳಿಗೆ ಕಳಿಸುತ್ತಾರೆ. ಗೋದಿಯದು ಒಂದು, ಹಾಪ್ ಎಂಬ ಕಹಿ ಹೂವು ಜಾಸ್ತಿ ಹಾಕಿದ್ದು ಒಂದು, ಕರ್ರಗೆ ಹುರಿದ ಬಾರ್ಲಿಯದು ಒಂದು. ಪ್ರತಿಯೊಂದು ಹಂಡೆಯದನ್ನೂ ನಾನು ಮತ್ತು ಅವರು ಬೇರೆ ಬೇರೆ ಕುಳಿತು ರುಚಿ ನೋಡಿ ಅಂಕ ಹಾಕಬೇಕು. ಬಣ್ಣಕ್ಕೆ, ನೊರೆಗೆ, ವಾಸನೆಗೆ, ನುಂಗಿದ ಮೇಲೆ ಬಾಯಿಯಲ್ಲಿ ಏನು ಉಳಿಯುತ್ತದೆ ಎಂಬುದಕ್ಕೂ. ಒಂದೊಂದು ಗುಟುಕು ಅಷ್ಟೇ.

ಇವರು ಹಾಸಿಗೆ ಹಿಡಿದಿದ್ದಾಗ, ಡೇರಿಯ ಕೆಲಸ ಹೋಗಿದ್ದಾಗ, ಇದೊಂದೇ ಬಾಗಿಲು ತೆರೆದದ್ದು. ಮೊದಲ ದಿನ ಗ್ಲಾಸನ್ನು ಮೂಗಿನ ಹತ್ತಿರ ತಂದವಳು ಮತ್ತೆ ಮೇಜಿನ ಮೇಲೆ ಇಟ್ಟೆ. ಇಷ್ಟು ವರ್ಷ ಮನೆಯಲ್ಲಿ ಸಹಿಸಿದ್ದನ್ನು ಇಲ್ಲಿ ಸಂಬಳಕ್ಕೆ ಮೂಸಬೇಕೇ ಎನಿಸಿತು. ಆದರೆ ಕುಡಿದಾಗ, ಅಕ್ಕಾ, ಅದು ನಾನು ತಿಳಿದ ವಾಸನೆಯೇ ಆಗಿರಲಿಲ್ಲ. ನಮ್ಮೂರು ಸುಳ್ಳದ ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ಉಜ್ಜುತ್ತಿದ್ದೆವಲ್ಲ, ಕೈಯಲ್ಲಿ ಉಳಿಯುತ್ತಿದ್ದ ಆ ಘಮ ಅದರಲ್ಲಿತ್ತು. ಆಮೇಲೆ ಕಿತ್ತಳೆ ಸಿಪ್ಪೆಯ ಕಹಿ. ಗಾಬರಿಯಾಯಿತು. ಚೆನ್ನಾಗಿದೆ ಎಂದು ಅನಿಸಿದ್ದಕ್ಕೆ ಗಾಬರಿ.

ಗೋದಿಯ ಬಿಯರಿಗೆ ಮಾತ್ರ ನಾನು ತೀರ ಕಡಿಮೆ ಅಂಕ ಹಾಕುತ್ತಿದ್ದೆ. ಎರಡು ಮೂರು ಹಂಡೆ ಹೀಗೇ ಆದ ಮೇಲೆ ವಿನೋದ ಅವರು ಬಂದು, "ಮೇಡಂ, ಇದರಾಗ ಏನ ಕೆಟ್ಟೇತಿ ಹೇಳ್ರಿ, ನನಗಂತೂ ಏನೂ ಸಿಗವಲ್ದು" ಎಂದರು. ಲವಂಗದ ವಾಸನೆ ಬರುತ್ತದೆ, ಏನೋ ಮುಚ್ಚಲು ಹಾಕಿದಂತಿದೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಆ ಜಾತಿಯ ಬಿಯರಿಗೆ ಬಾಳೆಹಣ್ಣು ಮತ್ತು ಲವಂಗದ ವಾಸನೆ ಇರಲೇಬೇಕಂತೆ, ಯಾರೂ ಲವಂಗ ಹಾಕುವುದಿಲ್ಲ, ಹುದುಗು ಬರುವಾಗ ತಾನೇ ಹುಟ್ಟುತ್ತದಂತೆ. ಇವರು ಆ ದಿನಗಳಲ್ಲಿ ಲವಂಗ ಅಗಿದುಕೊಂಡೇ ಮನೆಗೆ ಬರುತ್ತಿದ್ದದ್ದು ನಿನಗೆ ನೆನಪಿದೆ. ನನ್ನ ಮೂಗು ಬಿಯರಿಗೆ ಅಂಕ ಹಾಕುತ್ತಿರಲಿಲ್ಲ, ಗಂಡನಿಗೆ ಹಾಕುತ್ತಿತ್ತು. ಆಮೇಲೆ ಸರಿಯಾಗಿ ಹಾಕಲು ಕಲಿತೆ. ಆದರೆ ಯಾವುದು ನನ್ನ ಮೂಗು, ಯಾವುದು ನನ್ನ ಸಿಟ್ಟು ಎಂಬುದು ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ಮನೆಗೆ ಬರುವ ಮೊದಲು ಹಲ್ಲು ತಿಕ್ಕಿಕೊಂಡೇ ಬರುತ್ತಿದ್ದೆ. ಇವರು ಏನೂ ಕೇಳುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಒಂದು ಸಂಜೆ ಹಿತ್ತಲಿನಿಂದ ಒಳಗೆ ಬಂದಾಗ, ಇವರು ಮೊಳೆಗೆ ತೂಗುಹಾಕಿದ್ದ ನನ್ನ ಫ್ಯಾಕ್ಟರಿಯ ಏಪ್ರನ್ನನ್ನು ಮುಖಕ್ಕೆ ಒತ್ತಿಕೊಂಡು ನಿಂತಿದ್ದರು. ಸದ್ದು ಮಾಡದೆ ಹಿಂದೆ ಸರಿದು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಆವತ್ತು ಊಟಕ್ಕೆ ಕುಳಿತಾಗ ಅವರೇ ಮಾತು ತೆಗೆದರು.

"ಇವತ್ತ ಯಾವುದಿತ್ತು?" ಎಂದರು.

ಕರಿಯದು ಎಂದೆ.

"ಹೆಂಗಿತ್ತು?"

ಸುಮ್ಮನಿರಬೇಕಿತ್ತೇನೋ. ಆದರೆ ಎಷ್ಟು ವರ್ಷಗಳ ಮೇಲೆ ಈ ಮನುಷ್ಯ ನನ್ನನ್ನು ಹೆಂಗಿತ್ತು ಎಂದು ಕೇಳುತ್ತಿದ್ದಾನೆ ಎಂದು ಅನಿಸಿತು. ಹೇಳಿದೆ. ಹಂಚಿನ ಮೇಲೆ ಸ್ವಲ್ಪ ಸೀದ ರೊಟ್ಟಿಯ ಹಾಗೆ, ಸಕ್ಕರೆ ಹಾಕದ ಕಾಫಿಯ ಹಾಗೆ, ನೊರೆ ಮಾತ್ರ ಹಾಲಿನ ಕೆನೆಯಷ್ಟು ಮೆತ್ತಗೆ. ಅವರು ತುತ್ತು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡು ಕೇಳಿದರು. ಅಂದಿನಿಂದ ಅದು ದಿನದ ರೂಢಿಯಾಯಿತು. ನಾನು ಹೇಳುವುದು, ಅವರು ಕೇಳುವುದು. ಹಸಿದವನ ಮುಂದೆ ಹೋಳಿಗೆಯ ಸುದ್ದಿ ಹೇಳಿದಂತೆ ಆಗುತ್ತಿದೆಯೋ, ಇಲ್ಲ ಇದರಿಂದ ಅವರ ಹಸಿವು ಇಂಗುತ್ತಿದೆಯೋ ನನಗೆ ತಿಳಿಯುತ್ತಿರಲಿಲ್ಲ. ಮುಖ ನೋಡಿದರೆ ಸಮಾಧಾನ ಕಾಣುತ್ತಿತ್ತು. ಆದರೆ ಕುಡಿಯುವ ದಿನಗಳಲ್ಲೂ ಮೊದಲ ಗ್ಲಾಸಿನ ಹೊತ್ತಿಗೆ ಇದೇ ಸಮಾಧಾನ ಇರುತ್ತಿತ್ತಲ್ಲ.

ಒಮ್ಮೆ ಕರಿಯದರ ಹೊಸ ಹಂಡೆಯಲ್ಲಿ ಏನೋ ತಪ್ಪಿತ್ತು. ನಾಲಿಗೆಗೆ ಸಿಕ್ಕಿದ್ದು ಮಾತಿಗೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಅದನ್ನೇ ಹೇಳಿಕೊಂಡೆ. ಇವರು ಕೇಳಿದರು, "ಗಂಟಲದಾಗ ಒರಟ ಹತ್ತತೈತೇನು? ಒಣಾ ಒಣಾ?" ಹೌದು ಎಂದೆ. "ಹಂಗಾರ ಅದು ಹುರದದ್ದಲ್ಲ, ಸುಟ್ಟದ್ದು. ಮೋಟರ್ ಕಾದ್ರ ಒಂದ ವಾಸನಿ, ವೈಂಡಿಂಗ್ ಸುಟ್ರ ಬ್ಯಾರೇ ವಾಸನಿ. ಹೋಗಿ ಹುರಿಯೂ ಡ್ರಮ್ ನೋಡ ಅನ್ನು ನಿಮ್ಮ ಸಾಹೇಬಗ." ನಾನು ಅದನ್ನೇ ಹೇಳಿದೆ. ವಿನೋದ ಅವರು ಡ್ರಮ್ ಬಿಚ್ಚಿಸಿ ನೋಡಿದರೆ ಒಂದು ಮೂಲೆಯಲ್ಲಿ ಕಾಳು ಅಂಟಿ ಇದ್ದಿಲಾಗಿತ್ತು. ಅವರಿಗೆ ಖುಷಿಯಾಯಿತು. ಇದನ್ನು ಹೇಳಿದವರು ಯಾರು ಎಂದು ಅವರಿಗೆ ತಿಳಿಸಲಿಲ್ಲ. ಮನೆಗೆ ಬಂದು ಇವರಿಗೆ ಹೇಳಿದಾಗ, ಮದುವೆಯಾದ ಹೊಸದರಲ್ಲಿ ನಗುತ್ತಿದ್ದರಲ್ಲ, ಹಾಗೆ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಹೆದರಿದೆ.

ಹೆದರಿದ್ದು ಸರಿಯೇ ಆಯಿತು. ಗಣಪತಿ ಕಳಿಸಿದ ಮರುದಿನ ಇವರು ನನ್ನ ಮುಖ ನೋಡದೆ, ಸ್ಕ್ರೂಡ್ರೈವರ್ ತಿರುಗಿಸುತ್ತ ಹೇಳಿದರು, "ಒಂದ ಸಲ ಬಾಯಾಗ ಹಾಕ್ಕೊಂಡು ಉಗಳ್ತೇನಿ. ನುಂಗೂದಿಲ್ಲ. ನೀ ಹೇಳಿದ್ದೆಲ್ಲಾ ಖರೇನ ಅದರಾಗ ಐತೋ ಇಲ್ಲೋ ನೋಡಬೇಕು. ನೀನ ಎದುರಿಗೆ ನಿಂದ್ರು."

ಒಂದು ಹನಿಯೂ ಕೂಡದು ಎಂದು ಡಾಕ್ಟರು ಹೇಳಿದಾಗ ನೀನೂ ಇದ್ದೆ. ಇವರಿಗೆ ನಾನು ಕುಕ್ಕರ್ ಕೂಗಿತು ಎಂದು ಹೇಳಿ ಎದ್ದು ಹೋದೆ. ಕುಕ್ಕರ್ ಕೂಗಿರಲಿಲ್ಲ.

ಮೊನ್ನೆ ಗುರುವಾರ ಫ್ಯಾಕ್ಟರಿಯಿಂದ ಹೊರಡುವಾಗ, ಸರಿಯಾಗಿ ಬಂದ ಹಂಡೆಯದೊಂದು ಕರಿ ಬಾಟಲಿಯನ್ನು ಕೇಳಿ ತೆಗೆದುಕೊಂಡು ಚೀಲದಲ್ಲಿ ಇಟ್ಟುಕೊಂಡೆ. ಏಕೆ ಇಟ್ಟುಕೊಂಡೆ ಎಂದು ಕೇಳಬೇಡ. ಇವರಿಗೆ ಕೊಡಲೆಂದೇ ಇರಬೇಕು. ಬಸ್ಸು ಉಣಕಲ್ ಕೆರೆಯ ಹತ್ತಿರ ಬಂದಾಗ ನಮ್ಮ ಸ್ಟಾಪಿಗೆ ಮೊದಲೇ ಇಳಿದುಬಿಟ್ಟೆ. ಕೆರೆಯ ದಂಡೆಯಲ್ಲಿ ಜನ ಕಡಿಮೆ ಇದ್ದ ಕಡೆ ಹೋಗಿ ಕುಳಿತೆ. ನೀರಿಗೆ ಚೆಲ್ಲಿ, ಏನೂ ಆಗಿಲ್ಲ ಎನ್ನುವಂತೆ ಮನೆಗೆ ಹೋಗುವುದೆಂದು ಮುಚ್ಚಳ ತೆಗೆದೆ.

ಚೆಲ್ಲಲಿಲ್ಲ, ಅಕ್ಕಾ. ಊಟದ ಡಬ್ಬಿಯೊಳಗಿನ ಸ್ಟೀಲ್ ಬಟ್ಟಲಿಗೆ ಬಗ್ಗಿಸಿಕೊಂಡು ಕುಡಿದೆ. ಚುರಮುರಿ ತಿನ್ನುತ್ತ ಕುಳಿತಿದ್ದ ಮುದುಕಿಯೊಬ್ಬಳು ನನ್ನ ಕಡೆ ನೋಡಿ, ಕಷಾಯವೆಂದು ತಿಳಿದಳೋ ಏನೋ, ಸುಮ್ಮನಾದಳು. ನಾನು ಬಣ್ಣ ನೋಡಲಿಲ್ಲ, ನೊರೆ ನೋಡಲಿಲ್ಲ. ಮೊದಲ ಗುಟುಕಿನಲ್ಲಿ ಇವರ ಮೇಲೆ ಸಿಟ್ಟಿತ್ತು, ಆಮೇಲೆ ನಿನ್ನ ಮೇಲೆ, ಆಮೇಲೆ ಯಾರ ಮೇಲೂ ಇರಲಿಲ್ಲ. ನೀರಿನ ಮೇಲೆ ಬೆಳಕು ತುಂಬ ಚೆನ್ನಾಗಿ ಕಾಣುತ್ತಿತ್ತು. ಇದಕ್ಕಾಗಿಯೇ ಇವರು ಅಷ್ಟೆಲ್ಲ ಮಾಡಿದರೇ ಎಂದು ಒಂದು ಗಳಿಗೆ ಇವರ ಮೇಲೆ ಕನಿಕರ ಬಂತು. ಖಾಲಿ ಬಾಟಲಿ ಎಸೆಯಲು ನಾಚಿಕೆಯಾಗಿ ಮತ್ತೆ ಚೀಲಕ್ಕೇ ಹಾಕಿಕೊಂಡು ಮುಂದಿನ ಬಸ್ಸು ಹತ್ತಿದೆ.

ಮನೆಗೆ ಬಂದು ಒಳಗಿನಿಂದ ಚಿಲಕ ಹಾಕುವ ಬದಲು ಕೀಲಿ ಹಾಕಲು ಹೆಣಗುತ್ತಿದ್ದೆನಂತೆ. ಇವರು ಬಂದು ಕೀಲಿಯನ್ನು ಕೈಯಿಂದ ಬಿಡಿಸಿಕೊಂಡರು.

"ಇವತ್ತ ಯಾವುದು?" ಎಂದು ಕೇಳಿದರು.

ಕರಿಯದು ಎಂದೆ.

"ಹೆಂಗಿತ್ತು?"

ಬಾಯಿ ತೆರೆದೆ. ಏನು ರುಚಿ ಇತ್ತೆಂದು ನನಗೆ ನೆನಪೇ ಇರಲಿಲ್ಲ.

ಅವರು ನನ್ನನ್ನು ನೋಡಿದರು. "ಇವತ್ತ ನೀ ರುಚಿ ನೋಡಿಲ್ಲ. ಕುಡದಿ" ಎಂದರು. ಅಷ್ಟೇ. ಬಯ್ಯಲಿಲ್ಲ, ನಗಲೂ ಇಲ್ಲ. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು, ಮಜ್ಜಿಗೆಗೆ ಉಪ್ಪು ಹಾಕಿ ತಂದುಕೊಟ್ಟರು, ರೊಟ್ಟಿ ಮುರಿದು ತಾಟಿನಲ್ಲಿಟ್ಟರು. ಮಲಗುವಾಗ ಒಂದು ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ದಿಂಬು ಕೊಟ್ಟರು. ಇದನ್ನೆಲ್ಲ ನಾನು ಅವರಿಗೆ ಮಾಡುತ್ತಿದ್ದೆ. ಎಚ್ಚರವಿಲ್ಲದೆ ಬಿದ್ದಿದ್ದವರಿಗೆ ಅದು ಹೇಗೆ ನೆನಪಿತ್ತು?

ಬೆಳಿಗ್ಗೆ ಚಹಾ ಕೊಟ್ಟು, "ನಾ ಕೇಳಬಾರದಿತ್ತು, ಇನ್ನ ಕೇಳೂದಿಲ್ಲ" ಎಂದರು. ಇನ್ನು ಉಗುಳುವ ಮಾತು ಕೇಳುವುದಿಲ್ಲವೋ, ಹೆಂಗಿತ್ತು ಎಂದೇ ಕೇಳುವುದಿಲ್ಲವೋ, ನನಗೆ ಅರ್ಥವಾಗಲಿಲ್ಲ. ಶುಕ್ರವಾರ, ಶನಿವಾರ ಎರಡೂ ದಿನ ಊಟದ ಹೊತ್ತಿಗೆ ಕಾದೆ. ಅವರು ಕೇಳಲಿಲ್ಲ. ಇದರಿಂದ ನನಗೆ ನೆಮ್ಮದಿಯಾಗಬೇಕಿತ್ತಲ್ಲವೇ? ಎದೆಯಿಂದ ಏನನ್ನೋ ಕಿತ್ತುಕೊಂಡಂತಾಗಿದೆ.

ಈಗ ನೀನು ಹೇಳು. ಕೆಲಸ ಬಿಡಲೇ? ಬಿಟ್ಟರೆ ಇವರಿಗೆ ಒಳ್ಳೆಯದೋ, ನನಗೆ ಒಳ್ಳೆಯದೋ? ಮೊನ್ನೆ ಕುಡಿದದ್ದು ಅದೊಂದು ದಿನದ ಮಾತು ಎಂದು ನಾನು ಹೇಳಬಲ್ಲೆ, ಆದರೆ ಇವರೂ ಪ್ರತಿ ಸಲ ಹಾಗೆಯೇ ಹೇಳುತ್ತಿದ್ದರು. ನಮ್ಮಿಬ್ಬರಲ್ಲಿ ಈಗ ಯಾರು ಯಾರನ್ನು ಕಾಯಬೇಕು ಎಂಬುದೇ ಗೊಂದಲವಾಗಿದೆ. ನೀನು ಬೈದರೂ ಸರಿ, ಬರೆ.

ಅವ್ವನಿಗೆ ಇದನ್ನು ಓದಿ ಹೇಳಬೇಡ.

ದಾರಿ ಕಾಣದೆ ನಿನ್ನ ಕಡೆ ನೋಡುತ್ತಿರುವ ತಂಗಿ,
ಸುಕನ್ಯಾ

ತಾ.ಕ.: ನಾಳೆ ಅಂಗಡಿಗೆ ಹೋಗುವಾಗ ಇವರೇ ಇದನ್ನು ಪೋಸ್ಟಿಗೆ ಹಾಕುತ್ತಾರೆ. ಪಾಕೀಟು ಅಂಟಿಸಿಲ್ಲ. ಮರೆತದ್ದಲ್ಲ.

ರತ್ನಕ್ಕನವರಿಗೆ ಹನಮೇಶನ ನಮಸ್ಕಾರ. ಪಾಕೀಟು ತೆರೆದೇ ಇತ್ತು, ಅಂಗಡಿಯಲ್ಲಿ ಕುಳಿತು ಓದಿ ಅದರ ಕೆಳಗೇ ಬರೆಯುತ್ತಿದ್ದೇನೆ. ಅವಳು ಬರೆದದ್ದೆಲ್ಲ ನಿಜ. ನಾನು ಅಷ್ಟು ವರ್ಷ ಕುಡಿದರೂ ಅದಕ್ಕೆ ರುಚಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕಡಿಮೆ ಕುಡಿಯುತ್ತಿದ್ದೆನೋ ಹೆಚ್ಚು ಕುಡಿಯುತ್ತಿದ್ದೆನೋ ಹೇಳಲಾರೆ. ಅವಳಿಗೆ ಗೊತ್ತಿಲ್ಲದ್ದು ಒಂದಿದೆ. ಶುಕ್ರವಾರ ಅವಳು ಸ್ನಾನಕ್ಕೆ ಹೋದಾಗ ಚೀಲದಿಂದ ಆ ಬಾಟಲಿ ತೆಗೆದೆ. ಅದು ಖಾಲಿ ಇರಲಿಲ್ಲ, ತಳದಲ್ಲಿ ಒಂದು ಗುಟುಕಿನಷ್ಟು ಉಳಿದಿತ್ತು. ಬಹಳ ಹೊತ್ತು ಕೈಯಲ್ಲಿ ಹಿಡಿದು ನಿಂತೆ. ಆಮೇಲೆ ಮೋರಿಗೆ ಚೆಲ್ಲಿ ತೊಳೆದಿಟ್ಟೆ. ಚೆಲ್ಲುವ ತನಕ ಚೆಲ್ಲುತ್ತೇನೆಂದು ನನಗೇ ಖಾತ್ರಿ ಇರಲಿಲ್ಲ. ಅವಳಿಗೆ ಹೇಳಬೇಡಿರಿ, ಮತ್ತೆ ನನ್ನ ಬಾಯಿ ಮೂಸಲು ಶುರು ಮಾಡುತ್ತಾಳೆ. ಕೆಲಸ ಬಿಡು ಎಂದೂ ಬರೆಯಬೇಡಿರಿ. ಇವತ್ತು ಊಟಕ್ಕೆ ಕುಳಿತಾಗ ಹೆಂಗಿತ್ತು ಎಂದು ನಾನೇ ಕೇಳುತ್ತೇನೆ. ಬೈಯುವುದಿದ್ದರೆ ಅಂಗಡಿಯ ವಿಳಾಸಕ್ಕೆ ಬರೆಯಿರಿ, ನಾನು ಓದಿಕೊಳ್ಳುತ್ತೇನೆ.