ಖಾಲಿ ಸೀಟಿನ ಬೆಲ್ಟು

ಅಪ್ಪಾ,

ನೀನು ಹೋಗಿ ಐದು ತಿಂಗಳಾದ ಮೇಲೆ, ಇವತ್ತು ನನ್ನ ಕಮರ್ಷಿಯಲ್ ಪೈಲಟ್ ಪರೀಕ್ಷೆ ಮುಗಿಯಿತು.

"ಪ್ರೈವೇಟ್ ಲೈಸೆನ್ಸಲ್ಲಿ ಜನರನ್ನ ಕೂರಿಸ್ಕೋಬಹುದಾ?" ಎಂದರು ಪರೀಕ್ಷಕರು.

"ಕೂರಿಸ್ಕೋಬಹುದು ಸರ್, ದುಡ್ಡು ತಗೊಳ್ಳೋ ಹಾಗಿಲ್ಲ. ಸಂಬಳಕ್ಕೆ ಹಾರಿಸೋಕೆ ಕಮರ್ಷಿಯಲ್ ಬೇಕು. ದೊಡ್ಡ ವಿಮಾನದ ಕ್ಯಾಪ್ಟನ್ ಆಗೋಕೆ ಇನ್ನೂ ಮೇಲಿನ ಲೈಸೆನ್ಸು."

ನಿನಗೆ ಈ ಉತ್ತರ ಹೇಳಿರಲಿಲ್ಲ. "ಮೂವತ್ತು ವರ್ಷ ಬಸ್ಸಲ್ಲಿ ಊರವರನ್ನೆಲ್ಲ ಕೂರಿಸ್ಕೊಂಡು ಓಡಾಡ್ದೆ, ಒಂದ್ಸಲ ನೀನು ನನ್ನ ಕೂರಿಸ್ಕೋ ಮಗಳೇ" ಎಂದು ನೀನು ಕೇಳಿದಾಗ, ಪ್ರೈವೇಟ್ ಲೈಸೆನ್ಸಲ್ಲಿ ಯಾರನ್ನೂ ಕೂರಿಸುವಂತಿಲ್ಲ ಎಂದಿದ್ದೆ. ನೀನು ನಂಬಿದೆ. ನಿನ್ನ ಜೀವ ನನ್ನ ಕೈಯಲ್ಲಿರುತ್ತದೆಂದು ಹೆದರಿ ಆ ಸುಳ್ಳು ಹೇಳಿದ್ದೆ.

ಪಾಸಾದೆ. ಇನ್ನು ಗುರುತಿಲ್ಲದವರು ಕೂರುತ್ತಾರೆ. ಹೆದರಿಕೆ ಹಾಗೇ ಇದೆ.

ಹಾರುವ ಮುಂಚೆ ಖಾಲಿ ಸೀಟಿನ ಬೆಲ್ಟು ಬಿಗಿಯಬೇಕು. ಇವತ್ತು ಪರೀಕ್ಷೆಗೆ ಹಾರುವಾಗ ಹಿಂದಿನ ಸೀಟಿನದನ್ನು ನಿನ್ನ ಹೊಟ್ಟೆಯ ಅಳತೆಗೆ ಸಡಿಲ ಬಿಟ್ಟಿದ್ದೆ. ಪರೀಕ್ಷಕರು ಅದನ್ನು ಎಳೆದು ಬಿಗಿದರು.