ಗಂಟಿ ಕಟ್ಟಾಕ ಬಿಡ್ರಿ

ಅತನೂರ
ಹೋಳಿ ಹುಣ್ಣಿಮಿ ಮರುದಿನ, ೧೯೪೮

ಸಾಹುಕಾರ ಹಣಮಂತರಾಯರಿಗಿ ಬಂಡಿ ಹೊಡೆಯೋ ಸೈದಪ್ಪನ ಶರಣಾರ್ಥಿ.

ಯುಗಾದಿಗಿ ಹೊಸ ಕರಾರು ಅದ. ಬಂಡಿಯವರೆಲ್ಲ ಕೂಡಿ ಮಾತಾಡೀವ್ರಿ. ಪಗಾರ ಹೆಚ್ಚಿಗಿ ಕೇಳಂಗಿಲ್ಲ. ಯಾವ ಬಂಡೀನೂ ಒಂಟಿ ಕಳಸಬ್ಯಾಡ್ರಿ, ಜೋಡಿ ಕಳಸ್ರಿ. ಮತ್ತ ಎತ್ತಿನ ಕೊಳ್ಳಾಗ ಗಂಟಿ ಕಟ್ಟಾಕ ಬಿಡ್ರಿ.

ರಜಾಕಾರರಿಗಿ ಕೇಳಬಾರದು ಅಂತ ನೀವೇ ಗಂಟಿ ಬಿಚ್ಚಿಸಿದ್ರಿ. ಬಂಡಿ ಎಬ್ಬಿಸೋ ಧೂಳ ಎಲ್ಲಿ ಮುಚ್ಚಿಡೂಣ್ರಿ? ನನ್ನ ತಮ್ಮ ದೇವಿಂದ್ರಪ್ಪನ್ನ ಹೊತ್ತು ಮುಳಗೂದರಾಗ ಹಳ್ಳದ ಹಾದ್ಯಾಗ ಹೊಡದು ಕೆಡವಿ, ಜೋಳದ ಚೀಲ ಒಯ್ದರು. ಎತ್ತು ತಾವೇ ಖಾಲಿ ಬಂಡಿ ಎಳಕೊಂಡು ಬಂದು ರಾತ್ರಿ ಎಲ್ಲಾ ಅವನ ಮನಿ ಮುಂದ ನಿಂತಿದ್ವು. ಗಂಟಿ ಸಪ್ಪಳ ಕೇಳಿದ ಕೂಡಲೇ ಎದ್ದು ಕದ ತೆಗೆಯೋದು ಅವನ ಹೆಂಡತಿ ಕಾಶಿಬಾಯಿ ರೂಢಿ. ಅವತ್ತ ಮಲಗೇ ಇದ್ದಳು.

ಮುಂಜಾನಿ ನೀವು ಬಂದು, ಎತ್ತಿಗಿ ಗಾಯ ಆಗ್ಯದೇನು ಅಂತ ನೋಡಿ ಹೋದ್ರಿ. ಅದಕ್ಕ ಏನೂ ಅನ್ನಂಗಿಲ್ರಿ. ಎತ್ತು ನಿಮ್ಮವು.

ಕಾಶಿಬಾಯಿ ಮುಂದ ಮಾತ್ರ ಈ ಒಂದು ಮಾತು ಎಂದೂ ಆಡಬ್ಯಾಡ್ರಿ. ಮುಂಜಾನಿ ಹಳ್ಳದಾಗ ನಾ ಅವನ್ನ ಎತ್ತಿದಾಗ ಉಸಿರು ಹೋಗಿತ್ತು, ಮೈ ಇನ್ನಾ ಬೆಚ್ಚಗಿತ್ತು.

ಇಂತಿ,
ಎಲ್ಲಾ ಬಂಡಿಯವರ ಪರವಾಗಿ
ಸೈದಪ್ಪ