ಬೋನಾ ರಾಣಿಯ ಬೆನ್ನು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಕತ್ತಲಲ್ಲೇ ಮೇಕಪ್. ವಿಗ್ಗಿನ ಪಿನ್ನು ಕಿವಿಯ ಹಿಂದೆ ಚುಚ್ಚುತ್ತದೆ. ಚುಚ್ಚಲಿ. ಎಷ್ಟೋ ವರ್ಷ ಸೀರಿಯಲ್‌ಗಳಲ್ಲಿ ಸೂಪು ಬಡಿಸುವ ಅಜ್ಜಿಯಾಗಿದ್ದವಳ ತಲೆಗೆ ಈಗ ಕಿರೀಟ! ಇಟಲಿಯಿಂದ ನಮ್ಮ ಪೋಲೆಂಡಿನ ರಾಜನ ಕೈಹಿಡಿದು ಬಂದ ಬೋನಾ ರಾಣಿ. ಶಾಲೆಯಲ್ಲಿ ನಾನು ಕಲಿತದ್ದು ಒಂದೇ — ಸೊಸೆಗೆ ವಿಷ ಹಾಕಿದ ಅತ್ತೆ. ಹಾಕಿದಳೆಂದು ಇವತ್ತಿಗೂ ಯಾರೂ ತೋರಿಸಿಕೊಟ್ಟಿಲ್ಲ. ಡೈರೆಕ್ಟರ್ ತಿಮೊನ್ ಬರೆದಿರುವವಳು ಬೇರೆಯೇ ಹೆಂಗಸು. ಜಮೀನು ಅಳೆಸುತ್ತಾಳೆ, ಕೋಟೆ ಕಟ್ಟಿಸುತ್ತಾಳೆ, ಲ್ಯಾಟಿನ್‌ನಲ್ಲಿ ಮಂತ್ರಿಗಳ ಬಾಯಿ ಮುಚ್ಚಿಸುತ್ತಾಳೆ. ಹೊಸ ಕಾಲವನ್ನು ಕಟ್ಟಿಕೊಂಡು ಬಂದ ದೊರೆ. ಅದಕ್ಕೇ ಒಪ್ಪಿದ್ದು.

ಸ್ಕ್ರಿಪ್ಟು ಕೈಜಾರಿ ಬಿತ್ತು. ಅಪಶಕುನ ಕಳೆಯಲೆಂದು ನಮ್ಮ ನಾಟಕದವರು ಮಾಡುವಂತೆ ಒಮ್ಮೆ ತುಳಿದೇ ಎತ್ತಿಕೊಂಡೆ.

ಮಾರ್ಚ್ 11

ದೊಡ್ಡ ಸೀನು ಮುಗಿಯಿತು. ವಾವೆಲ್ ಅರಮನೆಯ ಕಿಟಕಿ. ಜೌಗು ನೆಲವನ್ನು ಹೇಗೆ ಊರು ಮಾಡಬೇಕೆಂದು ಮಗನಿಗೆ ಹೇಳುವ ಮಾತು. ಕ್ಯಾಮೆರಾ ಮುಖಕ್ಕೇ ಇಟ್ಟಿದ್ದರು.

"ತಿಮೊನ್, ನಾನು ಕಿಟಕಿ ಕಡೆ ತಿರುಗಿ ನಿಂತ್ಕೋತೀನಪ್ಪ. ಮಾತು ಪೂರ್ತಿ ಬೆನ್ನಲ್ಲೇ."

"ರೋಮಾ ಮೇಡಂ, ಎಲ್ರೂ ಮುಖ ತೋರ್ಸು ಅಂತ ಜಗಳ ಆಡ್ತಾರೆ. ನೀವೊಬ್ರು..."

"ಬೆನ್ನಲ್ಲಿ ಆಕ್ಟ್ ಮಾಡೋಕೆ ಬರ್ದೇ ಇರೋರು ಆಡ್ತಾರೆ."

ಎಲ್ಲರೂ ನಕ್ಕರು. ರಂಗಶಾಲೆಯಲ್ಲಿ ನಮ್ಮ ಗುರುಗಳು ಕಲಿಸಿದ್ದೇ ಅದು — ಜನಕ್ಕೆ ಬೆನ್ನು ಕೊಟ್ಟು ಅಳಿಸಬಲ್ಲವಳೇ ನಟಿ. ಒಂದೇ ಟೇಕ್. ಜಂಭ ಇನ್ನೂ ಇಳಿದಿಲ್ಲ.

ಜೂನ್ 2

ತಿಮೊನ್ ಫೋನ್ ಮಾಡಿದ್ದ. ದುಡ್ಡು ಹಾಕಿದವರು ಸಿನಿಮಾ ನೋಡಿದರಂತೆ. ಜಮೀನಿನ ಸೀನುಗಳು ಹೋದವು. ಕೋಟೆ, ಲ್ಯಾಟಿನ್, ಎಲ್ಲ.

"ನನ್ ಕೈಲೇನೂ ಇಲ್ಲ ಮೇಡಂ. ಅವ್ರಿಗೆ ವಿಷ ಬೇಕಂತೆ."

"ಬೇಕು ಅಂದ್ರೆ? ವಿಷದ ಸೀನು ನಾವು ಶೂಟೇ ಮಾಡ್ಲಿಲ್ವಲ್ಲ. ಎಲ್ಲಿಂದ ತರ್ತೀಯ?"

ತಿಮೊನ್ ದನಿ ತಗ್ಗಿಸಿದ — "ಕಿಟಕಿ ಶಾಟಲ್ಲಿ ನಿಮ್ ತುಟಿ ಕಾಣಲ್ಲ."

ಫೋನ್ ಇಟ್ಟ ಮೇಲೂ ಅಲ್ಲೇ ಕೂತಿದ್ದೆ. ಯಾರನ್ನು ಬೈಯಲಿ? ತಿರುಗಿ ನಿಂತವಳು ನಾನೇ.

ಜೂನ್ 9

ಡಬ್ಬಿಂಗ್. ಹೋಗದಿದ್ದರೆ ಇನ್ಯಾರದೋ ದನಿ ಹಾಕುತ್ತಾರೆ, ಕಾಂಟ್ರ್ಯಾಕ್ಟಿನಲ್ಲೇ ಇದೆ. ಹಾಳು ಮಾಡಬೇಕೆಂದೇ ಹೋದೆ. ಹೊಸ ಮಾತು ಇಷ್ಟೇ: "ಅವಳ ಬಟ್ಟಲಿಗೆ ನಾನೇ ಹಾಕಿದೆ, ಮಗನೇ. ರಾಜ್ಯ ಉಳಿಯಬೇಕಿತ್ತು."

ಮೊದಲ ಟೇಕ್ ಸಪ್ಪೆ. ಎರಡನೆಯದು ಇನ್ನೂ ಸಪ್ಪೆ.

"ನೆಗಡಿ ಏನಾದ್ರೂ ಆಗಿದ್ಯಾ ಮೇಡಂ? ಬಿಸಿನೀರು ತರ್ಸ್ಲಾ?" ಎಂದಳು ಸೌಂಡಿನ ಹುಡುಗಿ ಕಿಂಗಾ.

ಮೂರನೆಯದು. ಪರದೆಯ ಮೇಲೆ ನನ್ನ ಬೆನ್ನು. ಒಂದು ಕಡೆ ಭುಜ ಸ್ವಲ್ಪ ಇಳಿಯುತ್ತದೆ... ದನಿ ತಾನೇ ಹೋಗಿ ಅಲ್ಲಿ ಕೂತಿತು. ತಡೆಯಬೇಕಿತ್ತು. ಆಗಲಿಲ್ಲ. ನಲವತ್ತು ವರ್ಷದ ಅಭ್ಯಾಸ, ಅದು ನನ್ನ ಮಾತು ಕೇಳುವುದಿಲ್ಲ.

ಕಿಂಗಾ ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡಳು. ತಿಮೊನ್ ನೆಲ ನೋಡುತ್ತಾ "ಇದೇ ಇರ್ಲಿ" ಎಂದ. ಅಸಹ್ಯವಾಗುತ್ತಿದೆ. ಚೆನ್ನಾಗಿ ಬಂತಲ್ಲ ಎಂಬ ಖುಷಿಯೂ ಆಯಿತು, ಅದಕ್ಕೇ ಹೆಚ್ಚು ಅಸಹ್ಯ.

ಅಕ್ಟೋಬರ್ 17, ಸಂಜೆ

ಶಾಲೆಗಳಿಗೆ ಇಟ್ಟ ಶೋ. ಇತಿಹಾಸದ ಸಿನಿಮಾ ಅಂದರೆ ಸಾಕು, ಬಸ್ಸುಗಟ್ಟಲೆ ಮಕ್ಕಳನ್ನು ತಂದು ತುಂಬುತ್ತಾರೆ. ಮುಗಿದ ಮೇಲೆ ನನ್ನನ್ನು ಮುಂದೆ ನಿಲ್ಲಿಸಿದರು.

"ಕೇಳ್ರೋ, ರಾಣಿಯಮ್ಮನ್ನ ಏನಾದ್ರೂ ಕೇಳಿ" ಎಂದರು ಟೀಚರು.

ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗಿಯೊಬ್ಬಳು ಎದ್ದಳು. "ವಿಷ ಹಾಕಿದ್ದು ಬರೀ ಸುಳ್ಳು ಅಂತಿದ್ರು ನಮ್ಮಜ್ಜಿ. ಇವತ್ತು ಹೋಗಿ ಹೇಳ್ತೀನಿ. ನೀವೇ ಒಪ್ಕೊಂಡ್ರಲ್ಲ."

"ಇಲ್ಲ ಪುಟ್ಟಿ. ನಿಮ್ಮಜ್ಜಿ ಹೇಳಿದ್ದೇ ಸರಿ. ಅಲ್ಲಿ ನಾನು ಬೇರೆ ಏನೋ ಹೇಳಿದ್ದೆ, ಆಮೇಲೆ ಈ ಮಾತು ಸೇರ್ಸಿದ್ರು. ಅವಳು ಹಾಕ್ಲಿಲ್ಲ."

ಹುಡುಗಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಪಕ್ಕದವಳ ಕಡೆ ಬಗ್ಗಿ, "ನೋಡೇ, ಈಗ ಆಕ್ಟಿಂಗ್ ಮಾಡ್ತಿದಾರೆ" ಎಂದಳು. ಇಡೀ ಸಾಲು ನಕ್ಕಿತು.

ಟೀಚರು ಬಸ್ಸಿಗೆ ಹೊತ್ತಾಯಿತೆಂದರು. ಬಾಗಿಲವರೆಗೂ ಹಿಂದೆ ಹೋದೆ. "ಪುಟ್ಟಿ, ಒಂದ್ನಿಮಿಷ, ಇಲ್ನೋಡು, ಅವಳು ನಿಜವಾಗ್ಲೂ..." ಎನ್ನುವಷ್ಟರಲ್ಲಿ ಹುಡುಗಿ ನನಗೆ ಬೆನ್ನು ಹಾಕಿ ಬಸ್ಸು ಹತ್ತಿದಳು.